ಕದ್ದು ನೋಡಬಹುದೇ?

ಸಂಪಾದಕರು ಮಾಡಿದ ತಪ್ಪು ಒಂದೇ. ಇದ್ದದ್ದನ್ನು ಇದ್ದ ಹಾಗೆ ಬರೆದದ್ದು.

ಅವರದು ಒಂದು ಪುಟ್ಟ ಅಂತರ್ಜಾಲ ಪತ್ರಿಕೆ. ಕಚೇರಿಯೆಂದರೆ ಮನೆಯ ಮುಂದಿನ ಕೋಣೆ; ಸಿಬ್ಬಂದಿಯೆಂದರೆ ಅವರು ಮತ್ತು ಅವರ ಹೆಂಡತಿ. ದೊಡ್ಡ ಪತ್ರಿಕೆಗಳ ಕಣ್ಣಿಗೆ ಬೀಳದ ಕಟ್ಟಿಕೊಂಡ ಮೋರಿ, ಬಾರದ ಬಸ್ಸು ಅಲ್ಲಿ ಸುದ್ದಿಯಾಗುತ್ತಿದ್ದವು. ಜೊತೆಗೆ ಮನೆಮದ್ದು, ಸಂಸಾರ ಸಲಹೆ. ಎಲ್ಲವೂ ಜಾಹೀರಾತಿನ ಬಲದಿಂದ ಹೇಗೋ ಉಸಿರಾಡುತ್ತಿತ್ತು. ಅಷ್ಟರಲ್ಲಿ ಹೊಸ ನಿಯಮ ಬಂತು: ಓದುಗರ ಬೆನ್ನು ಹತ್ತಿ ಜಾಹೀರಾತು ತೋರಿಸುವ ಮೊದಲು ಅವರ ಒಪ್ಪಿಗೆ ಕೇಳಬೇಕು. ಬೇರೆಯವರೆಲ್ಲ ‘ನಿಮ್ಮ ಅನುಭವ ಉತ್ತಮಗೊಳಿಸಲು’ ಎಂದು ಬೆಣ್ಣೆ ಹಚ್ಚಿ ಕೇಳಿದರು. ನಮ್ಮ ಸಂಪಾದಕರು, ‘ನೀವು ಏನು ಓದುತ್ತೀರಿ ಎಂದು ಕದ್ದು ನೋಡಿ ಜಾಹೀರಾತಿನವರಿಗೆ ಹೇಳಬಹುದೇ?’ ಎಂದು ಕೇಳಿಬಿಟ್ಟರು.

ಬೆಳಗಾಗುವಷ್ಟರಲ್ಲಿ ಊರಿಗೆ ಊರೇ ‘ಬೇಡ’ ಒತ್ತಿತ್ತು. ಜಾಹೀರಾತು ಕಂಪನಿಯವನು ಫೋನ್ ಮಾಡಿ, “ಓದೋರು ಯಾರು ಅಂತಲೇ ಗೊತ್ತಾಗದಿದ್ರೆ ಯಾರಿಗೆ ತೋರಿಸೋಣ ಸಾರ್, ಗೋಡೆಗಾ?” ಎಂದು ಕೈ ಎತ್ತಿದ.

“ಕೇಳಿ ಅಂದಿದ್ರು, ಸರಿ,” ಎಂದಳು ಹೆಂಡತಿ. “ಕಳ್ಳ ಬಾಗಿಲು ತಟ್ಟಿ, ಕದೀಲಾ ಅಂತ ಕೇಳೋ ಹಾಗೆ ಕೇಳಿ ಅಂದಿದ್ರಾ?”

ಎದುರು ಕೂತು ವಿವರಿಸಿದರೆ ಜನ ಒಪ್ಪಿಯಾರೆಂದು ಸಂಪಾದಕರು ಕ್ಷೌರದಂಗಡಿಗೆ ಹೋದರು. ಊರಿನ ಅರ್ಧ ಮಾತು ಹುಟ್ಟುವುದೇ ಅಲ್ಲಿ. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ವಿಷಯ ತೆಗೆದರು. ಅರ್ಧ ಗಡ್ಡ ಹೋಗಿತ್ತು. ಕ್ಷೌರಿಕನ ಕತ್ತಿ ಗಂಟಲ ಹತ್ತಿರ ಗಕ್ಕನೆ ನಿಂತಿತು.

“ಅಂದ್ರೆ, ಇಷ್ಟು ದಿನ ನೋಡ್ತಾ ಇದ್ರಾ?”

“ನಾನಲ್ಲಪ್ಪಾ, ಕಂಪ್ಯೂಟರು…”

“ನಿಮ್ಮ ಕಂಪ್ಯೂಟರೇ ತಾನೆ?”

ಪಕ್ಕದ ಕುರ್ಚಿಯಲ್ಲಿ ಅಂಗಡಿಯ ಹುಡುಗನಿಂದ ಮೀಸೆ ತೆಗೆಸಿಕೊಳ್ಳುತ್ತಿದ್ದ ನಿವೃತ್ತ ಹೆಡ್‌ಮಾಸ್ತರು ಮುಖ ಕೆಂಪಗೆ ಮಾಡಿಕೊಂಡು, ಕೊರಳಿನ ಟವೆಲ್ ಸಮೇತ ಅರ್ಧ ಮೀಸೆಯಲ್ಲೇ ಬೀದಿಗಿಳಿದರು. “ಸಾರ್, ನಿಮ್ಮದೇನೂ ನೋಡಿಲ್ಲ!” ಎನ್ನುತ್ತ ಸಂಪಾದಕರು ಅರ್ಧ ಗಡ್ಡದಲ್ಲೇ ಹಿಂದೆ ಓಡಿದರು. ಆ ಮಾತು ಬೀದಿಯವರಿಗೆಲ್ಲ ಕೇಳಿಸಿತು, ಯಾರೂ ನಂಬಲಿಲ್ಲ.

ಸುದ್ದಿಗೆ ಕಾಲು ಬಂತು. ದಿನಸಿ ಅಂಗಡಿಯಲ್ಲಿ ಅದು “ಎಲ್ಲರ ಫೋನೂ ನೋಡ್ತಾರಂತೆ” ಆಗಿತ್ತು. ಸಂಪಾದಕರು ಮನೆ ತಲುಪುವಷ್ಟರಲ್ಲಿ “ಸಂಜೆ ಎಲ್ಲಾ ಪತ್ರಿಕೇಲಿ ಹಾಕ್ತಾರಂತೆ” ಎಂದು ಜನ ಬಾಗಿಲಲ್ಲಿ ಜಮಾಯಿಸಿದ್ದರು.

ಮಹಡಿ ಮನೆಯ ಹಿರಿಯಮ್ಮ ಸಂಪಾದಕರ ತೋಳು ಹಿಡಿದು ಮೂಲೆಗೆಳೆದರು. “ನಂದು ಯಾರಿಗೂ ಹೇಳ್ಬೇಡಪ್ಪಾ.”

“ಖಂಡಿತ ಇಲ್ಲಮ್ಮಾ.”

“ಎದುರುಮನೆಯವಳು ಏನು ಓದ್ತಾಳೆ? ಅದನ್ನ ಮಾತ್ರ ಹೇಳು.”

ಅವರನ್ನು ಸರಿಸಿ ದರ್ಜಿ ಬಂದ. ಅವನಿಗೆ ಕ್ಷೌರಿಕನದ್ದು ಬೇಕಿತ್ತು. ಕ್ಷೌರಿಕನಿಗೆ ಹೆಡ್‌ಮಾಸ್ತರದ್ದು. “ಯಾರದ್ದೂ ನನ್ನ ಹತ್ರ ಇಲ್ಲ!” ಎಂದು ಸಂಪಾದಕರು ಬಾಯಿ ಬಡಿದುಕೊಂಡರೆ, “ಗಟ್ಟಿ ಆಸಾಮಿ, ಬಾಯಿ ಬಿಡಲ್ಲ” ಎಂದು ಜನ ಮೆಚ್ಚಿ ತಲೆದೂಗಿದರು.

ಆಗ ಹೆಂಡತಿ ಕಿವಿಯಲ್ಲೇನೋ ಉಸುರಿದಳು. ಸಂಪಾದಕರು ಕುರ್ಚಿ ಹತ್ತಿದರು.

“ಕೇಳಿ! ಜಾಹೀರಾತೇ ಬೇಡ. ಚಂದಾ ಕಟ್ಟಿ. ಯಾರು ಏನು ಓದ್ತಾರೆ ಅಂತ ಯಾರೂ ನೋಡಲ್ಲ. ಹೆಸರೂ ಕೇಳಲ್ಲ. ಒಂದು ಪಾಸ್‌ವರ್ಡ್ ಕೊಡ್ತೀವಿ, ಅಷ್ಟೇ!”

ಚಪ್ಪಾಳೆಯೋ ಚಪ್ಪಾಳೆ. “ಸಂಜೆಯೊಳಗೆ ಕಟ್ತೀವಿ” ಎಂದು ಜನ ಚದುರಿದರು. ಸಂಪಾದಕರ ಎದೆ ಹತ್ತಿಯಷ್ಟು ಹಗುರವಾಯಿತು. ಪತ್ರಿಕೆ ಉಳಿಯಿತು, ಓದುಗರ ಮಾನವೂ ಉಳಿಯಿತು!

ಸಂಜೆ ಇಬ್ಬರೂ ಕಂಪ್ಯೂಟರ್ ಮುಂದೆ ಕೂತರು. ‘ಟಿಂಗ್’ ಎಂದಿತು. ಮೊದಲ ಚಂದಾದಾರ! ಎರಡನೆಯ ಟಿಂಗ್‌ಗೆ ಕಾದೇ ಕಾದರು. ಬರಲಿಲ್ಲ. ಬಂದದ್ದು ಹೆಡ್‌ಮಾಸ್ತರು. ಉಳಿದರ್ಧ ಮೀಸೆಯನ್ನೂ ತೆಗೆಸಿ, ಮುಖ ಬೆಳಗಿಸಿಕೊಂಡು ನಿಂತಿದ್ದರು.

“ಹೆಸರಿಲ್ಲದಿದ್ರೂ, ಬೇರೆ ಬೇರೆ ಚಂದಾ ಅಂದ್ರೆ ಯಾವುದು ಯಾರದು ಅಂತ ಪತ್ತೆ ಹಚ್ಚಬಹುದಲ್ಲಾ? ಅದಕ್ಕೇ ಊರವರೆಲ್ಲ ಸೇರಿ ಒಂದೇ ಚಂದಾ ತಗೊಂಡ್ವಿ. ಪಾಸ್‌ವರ್ಡ್ ಮನೆಮನೆಗೂ ಹಂಚಿ ಬಂದೆ. ಈಗ ಯಾರು ಏನು ಓದಿದ್ರೂ ಆ ದೇವರಿಗೂ ಗೊತ್ತಾಗಲ್ಲ. ನಿಮ್ಮ ನಿಯಮಕ್ಕೆ ನಮ್ಮ ಪೂರ್ತಿ ಸಹಕಾರ!”

ಸಂಪಾದಕರು ಬಂದ ಒಂದೇ ಒಂದು ಚಂದಾವನ್ನು ಮತ್ತೊಮ್ಮೆ ಎಣಿಸಿದರು. ಹೆಂಡತಿ ಮಾತ್ರ ಪರದೆ ನೋಡುತ್ತ ಲೊಚಗುಟ್ಟಿದಳು.

“ಪಾಪ ರೀ, ನಮ್ಮ ಒಬ್ಬನೇ ಚಂದಾದಾರ. ಇಷ್ಟು ಹೊತ್ತಿಗೆ ಮೂಲವ್ಯಾಧಿಗೆ ಮನೆಮದ್ದು, ಅತ್ತೆಯನ್ನು ಒಲಿಸುವ ಬಗೆ, ಸೊಸೆಯನ್ನು ಬಗ್ಗಿಸುವ ಬಗೆ, ಚೊಚ್ಚಲ ಬಸುರಿಗೆ ಸಲಹೆ, ಎಲ್ಲಾ ಓದಿ ಮುಗಿಸಿದ್ದಾನೆ. ಎಂಥಾ ಕಷ್ಟದಲ್ಲಿದ್ದಾನೋ!”