ಗೇಟಿನಲ್ಲಿ ಸಿಕ್ಕಿಕೊಂಡ ಲಾರಿ ಸಾಹೇಬರಿಗೆ

ಇವರಿಗೆ:
ಶ್ರೀಮಾನ್ ಲಾರಿ ಸಾಹೇಬರು,
ಅರ್ಧ ಒಳಗೆ, ಅರ್ಧ ಹೊರಗೆ,
ನಮ್ಮ ಮನೆಯ ಗೇಟು, ಕಾಚಿಗುಡ, ಹೈದರಾಬಾದು.

ವಿಷಯ: ತಮ್ಮ ಮುಂದಿನ ಎರಡು ಚಕ್ರಗಳು ಒಂದೇ ಕಡೆ ನೋಡುವ ಕುರಿತು.

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ಇದು ಬರಿಯ ಉಪಚಾರದ ಮಾತಲ್ಲ. ಕಳೆದ ಶ್ರಾವಣದಿಂದ ತಮ್ಮ ಹೊಟ್ಟೆಯ ಕೆಳಗೆ ಗೋಣಿತಟ್ಟು ಹಾಸಿಕೊಂಡು ನಾನು ಎಷ್ಟು ಸಲ ಮಲಗಿ ಎದ್ದಿದ್ದೇನೆಂಬುದು ಓಣಿಯವರಿಗೆಲ್ಲ ಗೊತ್ತಿದೆ. ಬೋರಲಾಗಿ ಅಲ್ಲ, ಅಂಗಾತ ಎಂಬುದಷ್ಟೇ ವ್ಯತ್ಯಾಸ.

ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿರುವ ಜಯತೀರ್ಥನೆಂಬ ನಾನು, ಸರ್ಕಾರಿ ಹಳೆ ಸಾಮಾನಿನ ಹರಾಜಿನಲ್ಲಿ ಜೊತೆಯವರೆಲ್ಲ ಕುರ್ಚಿ, ಬೀರು ಎಂದು ಬುದ್ಧಿವಂತಿಕೆಯ ವ್ಯಾಪಾರ ಮಾಡುತ್ತಿದ್ದಾಗ, ಮಹಾಯುದ್ಧದ ಕಾಲದ ತಮ್ಮ ದುಂಡು ಮೂತಿಯನ್ನು ಕಂಡು ಮನಸೋತು ಕೈಯೆತ್ತಿದವನು. ನನಗೆ ಸೈಕಲ್ಲಿನ ಹೊರತು ಬೇರೆ ವಾಹನ ನಡೆಸಲು ಬಾರದೆಂಬ ಸಣ್ಣ ಸಂಗತಿ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಬಾಡಿಗೆ ಡ್ರೈವರನು ತಮ್ಮನ್ನು ಮನೆಯವರೆಗೆ ತಂದು, ಗೇಟಿನೊಳಗೆ ಅರ್ಧ ನುಗ್ಗಿಸುವಷ್ಟರಲ್ಲಿ ತಮ್ಮ ಕೆಳಗೆ ಟಕ್ಕೆಂದಿತು. ಎರಡು ಮುಂಗಾಲಿಗಳನ್ನು ಜೋಡಿಸಿ ಒಂದೇ ದಿಕ್ಕಿಗೆ ತಿರುಗಿಸುವ ಟೈ ರಾಡಿನ ತುದಿಗಳೆರಡೂ ಮುರಿದವು. ಅಂದಿನಿಂದ ತಮ್ಮ ಒಂದು ಚಕ್ರ ಕೋಠಿಯತ್ತ, ಇನ್ನೊಂದು ಅಬಿಡ್ಸ್‌ನತ್ತ ಮುಖ ಮಾಡಿವೆ. ಹಿಂದಿನಿಂದ ನೂಕಿದರೆ ಗೇಟಿನ ಎಡಗಂಬ ಅಲುಗುತ್ತದೆ, ಮುಂದಿನಿಂದ ನೂಕಿದರೆ ಬಲಗಂಬ. ಕಂಬ ಬಿದ್ದರೆ ಮನೆ ಖಾಲಿ ಮಾಡಬೇಕೆಂದು ಮಾಲೀಕರು ತಿಳಿಸಿದ್ದಾರೆ.

ಆದರೂ ತಮ್ಮ ಸೇವೆಯನ್ನು ಮರೆಯುವಷ್ಟು ಕೃತಘ್ನ ನಾನಲ್ಲ. ಮನೆಗೆ ಬೇರೆ ಬಾಗಿಲಿಲ್ಲದ್ದರಿಂದ ಹಾಲಿನವನು, ಪೋಸ್ಟಿನವನು, ಕಾಲೇಜಿಗೆ ಹೋಗುವ ನನ್ನ ಮಗಳು ಸುಹಾಸಿನಿ, ಎಲ್ಲರೂ ತಮ್ಮ ಹಿಂಬದಿಯಿಂದ ಹತ್ತಿ, ಡ್ರೈವರ್ ಸೀಟು ದಾಟಿ, ಮುಂದಿನ ಬಾಗಿಲಿನಿಂದ ಅಂಗಳಕ್ಕಿಳಿಯುತ್ತಾರೆ. ನನ್ನ ಹೆಂಡತಿ ಗೋದಾವರಿ ದಿನಾ ಬೆಳಿಗ್ಗೆ ತಮ್ಮ ಹಿಂದೆ ರಂಗೋಲಿ ಹಾಕುತ್ತಾಳೆ, ದಸರೆಗೆ ತಮ್ಮ ಮೂತಿಗೇ ಮಾವಿನ ತೋರಣ ಕಟ್ಟಿದಳು. ಇದು ಭಕ್ತಿಯಲ್ಲ, ಬೇರೆ ಹೊಸ್ತಿಲು ಉಳಿದಿಲ್ಲ.

ಪುತ್ಲಿಬೌಲಿಯ ಬಿಡಿಭಾಗದ ಅಂಗಡಿಗಳಲ್ಲಿ ನಾನೀಗ ಪರಿಚಿತ ಮನುಷ್ಯ. ದೂರದಿಂದ ಕಂಡೊಡನೆ ಚಹಾ ಹೇಳುತ್ತಾರೆ, ಸಾಮಾನು ಮಾತ್ರ ಇಲ್ಲವೆನ್ನುತ್ತಾರೆ. ಒಬ್ಬ ಮೇಸ್ತ್ರಿ ಜೀಪಿನ ರಾಡನ್ನು ಕೊಯ್ದು ಬೆಸುಗೆ ಹಾಕಿ ಕೂಡಿಸಿಕೊಡುತ್ತೇನೆಂದ. ನಾನು ಒಪ್ಪಲಿಲ್ಲ. ಯುದ್ಧ ಕಂಡ ತಮ್ಮಂಥ ಮಹನೀಯರಿಗೆ ಜೀಪಿನ ಕಾಲು ಹಚ್ಚುವುದೆ? ಒರಿಜಿನಲ್ಲೇ ಆಗಬೇಕೆಂದು ಎದೆ ಉಬ್ಬಿಸಿ ಹೇಳಿ ಬಂದೆ. "ಜೀಪಿಂದೋ ಆನೀದೋ, ಚಕ್ರ ತಿರಗಿದ್ರ ಸಾಕ್ರಿ" ಎಂದು ಗೋದಾವರಿ ಅಂದದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ದೊಡ್ಡಸ್ತಿಕೆಯ ಫಲವಾಗಿ ಇಂದಿಗೂ ನನ್ನ ಮನೆಗೆ ನಾನೇ ಏಣಿ ಹತ್ತಿದಂತೆ ಹತ್ತಿ ಹೋಗುತ್ತಿದ್ದೇನೆ.

ಕಡೆಗೊಬ್ಬ ಮುದುಕ ವ್ಯಾಪಾರಿ, ತಮ್ಮ ಜಾತಿಯ ಲಾರಿಯ ರಾಡಿನ ಅಸಲಿ ತುದಿಗಳ ಜೋಡಿಯೊಂದು ತನ್ನಲ್ಲಿತ್ತೆಂದೂ ಅದು ಹೋದ ವರ್ಷವೇ ಮಾರಿಹೋಯಿತೆಂದೂ ಹೇಳಿದ. "ಆಪ್ ಜೈಸೇಚ್ ಏಕ್ ಸಾಬ್ ದೋನೋ ಲೇಕೆ ಗಯೇ" ಎಂದ. ನನ್ನಂಥವರೇ ಒಬ್ಬರು ಎರಡನ್ನೂ ಒಯ್ದರಂತೆ. ಮನೆಗೆ ಬಂದು ಹೇಳಿದರೆ ಗೋದಾವರಿ ನಂಬಲಿಲ್ಲ. "ನಿಮ್ಮಂಥವರು ಇನ್ನೊಬ್ರು ಇರೋದು ಶಕ್ಯನೇ ಇಲ್ಲ" ಎಂದಳು. ಆ ಅಪರಿಚಿತ ಮಹಾಶಯನಿಗೆ ನಾನು ದಿನವೂ ಸಂಧ್ಯಾವಂದನೆಯ ನಡುವೆ ಬೈಯುತ್ತಿದ್ದೇನೆ. ಅವನ ಮನೆಯಲ್ಲೂ ಏನಾದರೊಂದು ಅಡ್ಡ ನಿಲ್ಲಲಿ, ಎಂದಿಗೂ ಅಲ್ಲಾಡದಿರಲಿ.

ಇನ್ನು ಅಸಲು ವಿಷಯ. ಹೋದ ತಿಂಗಳು ಸುಹಾಸಿನಿಯನ್ನು ನೋಡಲು ಗುಲಬರ್ಗಾದಿಂದ ಬಂದ ಗಂಡಿನ ಕಡೆಯವರು ತಮ್ಮನ್ನು ಕಂಡು, ಆಟೋದಿಂದ ಇಳಿಯದೆ ಹಾಗೆಯೇ ತಿರುಗಿಸಿಕೊಂಡು ಹೋದರು. ಹುಡುಗಿ ನಕ್ಕುಬಿಟ್ಟಳು. ನನಗೆ ಊಟ ಸೇರಲಿಲ್ಲ. ಬರುವ ರವಿವಾರ ರಾಯಚೂರಿನಿಂದ ಹನುಮಂತರಾಯರು ಮಗ ಪ್ರಾಣೇಶನನ್ನು ಕರೆದುಕೊಂಡು ಬರುತ್ತಿದ್ದಾರೆ. ಹುಡುಗ ಒಳ್ಳೆಯವನಂತೆ. ಗೋದಾವರಿ ಸುಲ್ತಾನ್ ಬಜಾರಿನಿಂದ ಹೊಸ ಸೀರೆ ತಂದಿಟ್ಟು, ಇವರೂ ಗೇಟಿನಿಂದಲೇ ತಿರುಗಿ ಹೋದರೆ ತಾನು ತವರಿಗೆ ಹೋಗುವುದಾಗಿಯೂ, ತಮ್ಮನ್ನು ಹತ್ತಿಯೇ ಹೋಗುವುದಾಗಿಯೂ ತಿಳಿಸಿದ್ದಾಳೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ರವಿವಾರ ಮಧ್ಯಾಹ್ನದೊಳಗೆ ತಮ್ಮ ಚಕ್ರಗಳೊಳಗಿನ ಮನಸ್ತಾಪವನ್ನು ಮರೆಸಿ, ತಾವಾಗಿಯೇ ಹಿಂದಕ್ಕೆ ಸರಿದು ಓಣಿಯ ಬದಿಗೆ ನಿಲ್ಲಬೇಕಾಗಿ ಕೋರುತ್ತೇನೆ. ಅದು ಸಾಧ್ಯವಾಗದಿದ್ದರೆ ಬೀಗರು ಇರುವ ಎರಡು ತಾಸಾದರೂ ಕಣ್ಣಿಗೆ ಕಾಣದಂತಿರಬೇಕು. ಅದೂ ಆಗದಿದ್ದರೆ, ತಾವು ನಮ್ಮ ಮನೆಯವರಲ್ಲವೆಂದು ನಾನು ಹೇಳುವಾಗ ದಯವಿಟ್ಟು ಎಣ್ಣೆ ಸೋರಿಸಬಾರದು.

ಇಷ್ಟಾದರೂ ತಮ್ಮ ಮೂತಿಯ ಮೇಲಿನ ಮೋಹ ಬಿಡದ, ತಮ್ಮ ವಿಶ್ವಾಸಿ,
ಜಯತೀರ್ಥ

ತಾ.ಕ. (ರವಿವಾರ ಸಂಜೆ): ತಾವು ಸರಿಯಲಿಲ್ಲ. ಬೀಗರು ಬಂದರು. ಹನುಮಂತರಾಯರು ಆಟೋ ಇಳಿದವರು ನನ್ನ ಕಡೆ ನೋಡದೆ, ಬಿಳಿಯ ಧೋತರದಲ್ಲೇ ಬಗ್ಗಿ ತಮ್ಮ ಕೆಳಗೆ ಇಣುಕಿ, "ರಾಡಿನ ತುದಿ ಹೋಗ್ಯಾವೇನ್ರಿ? ನನ್ನ ಹತ್ರ ಒಂದು ಜೋಡಿ ಅವ, ಪುತ್ಲಿಬೌಲಿಯೊಳಗ ತೊಗೊಂಡಿದ್ದೆ" ಎಂದರು. ನಾನು ದಿನವೂ ಬೈಯುತ್ತಿದ್ದ ಮಹಾಶಯರು ಇವರೇ. ಅವರ ಬಳಿಯೂ ತಮ್ಮ ತದ್ರೂಪಿ ಲಾರಿಯೊಂದು ಇದೆಯಂತೆ, ಡ್ರೈವರನ ಕೈತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಅದರ ಸ್ಟೀರಿಂಗ್ ಬಾಕ್ಸ್ ಕೆಟ್ಟು ಕೂತಿದೆಯಂತೆ. "ನಿಮ್ಮ ಬಾಕ್ಸ್ ಛಲೋ ಅದ ಏನ್ರಿ?" ಎಂದು ಕೇಳುವಾಗ ಅವರ ಕಣ್ಣಲ್ಲಿದ್ದ ಆಸೆಯನ್ನು ನಾನು ಕನ್ನಡಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಎಲ್ಲರೂ ತಮ್ಮನ್ನು ಹತ್ತಿ ಅಂಗಳಕ್ಕಿಳಿದ ಮೇಲೆ, ನೀ ಕೊಡು, ನಾ ಕೊಡೆ ಎಂದು ನಾವಿಬ್ಬರೂ ತಮ್ಮ ಬಾನೆಟ್ಟಿನ ಮೇಲೆ ಕೈಯೂರಿ ವಾದಿಸುತ್ತಿರುವಾಗ, ಕಾಫಿ ತಂದ ಸುಹಾಸಿನಿ ನೇರವಾಗಿ ಹುಡುಗನನ್ನೇ, "ನಿಮ್ಮ ಮನ್ಯಾಗೂ ಲಾರಿ ಗೇಟಿನ್ಯಾಗ ನಿಂತದ ಏನ್ರಿ?" ಎಂದು ಕೇಳಿದಳು. "ಇಲ್ರೀ, ಹಿತ್ತಲದಾಗ" ಎಂದ ಪ್ರಾಣೇಶ. ಹಾಗಿದ್ದರೆ ಅಡ್ಡಿಯಿಲ್ಲವೆಂದಳು.

ಸಂಬಂಧ ಕೂಡಿಬಂತು. ರಾಡಿನ ತುದಿಗಳು ಬೀಗರ ಉಡುಗೊರೆಯಾಗಿ ಬರಲಿವೆ, ತಮ್ಮ ಸ್ಟೀರಿಂಗ್ ಬಾಕ್ಸ್ ನಮ್ಮ ಉಡುಗೊರೆಯಾಗಿ ರಾಯಚೂರಿಗೆ ಹೋಗಲಿದೆ. ಇನ್ನು ತಮ್ಮ ಎರಡೂ ಚಕ್ರಗಳು ಒಂದೇ ದಿಕ್ಕನ್ನು ನೋಡುತ್ತವೆ, ಯಾವ ದಿಕ್ಕಿಗೂ ತಿರುಗುವುದಿಲ್ಲ. ಬೇರೆ ಬಾಕ್ಸು ಹುಡುಕಲು ಸೋಮವಾರದಿಂದ ಮತ್ತೆ ಪುತ್ಲಿಬೌಲಿಗೆ ಹೊರಡುತ್ತಿದ್ದೇನೆ, ಒರಿಜಿನಲ್ಲೇ ಆಗಬೇಕು. ಇದನ್ನು ಕೇಳಿದ ಗೋದಾವರಿ ತವರಿಗೆ ಹೋಗುವ ವಿಚಾರ ಬಿಟ್ಟು, ಸುಹಾಸಿನಿಯ ತಲೆ ನೇವರಿಸಿ ಅಂದದ್ದು ಇಷ್ಟು: "ಎರಡೂ ಮನ್ಯಾಗ ಇಂಥವರೇ ಇದ್ದಾರಂದ್ರ, ಅಲ್ಲಿ ಹೋಗಿ ನೀ ಹೊಸದಾಗಿ ಏನೂ ರೂಢಿ ಮಾಡಿಕೊಳ್ಳೋದು ಬೇಕಿಲ್ಲವ್ವಾ."