ಮುದ್ದಯ್ಯನವರ ಸರ್ಕ್ಯುಲೇಷನ್

"ಸರ್ಕ್ಯುಲೇಷನ್ ಕಮ್ಮಿ ಅಂತ ನಿಮ್ಗೆ ಯಾರು ಏಳುದ್ರು ಮೇಡಂ?"

"ಯಾರೂ ಹೇಳಬೇಕಾಗಿಲ್ಲ. ಮುಟ್ಟಿದರೇ ಗೊತ್ತಾಗುತ್ತೆ, ತಣ್ಣಗಿದೆ."

"ಮೊನ್ನೆ ಅಚ್ಚಾಗಿದ್ದು. ಇನ್ನೂ ಬಿಸಿ ಇರಕ್ಕಾಯ್ತದಾ?"

ನಾಗಮಂಗಲದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಹೇಮಶ್ರೀಯ ಮುಂದೆ ಎಡಗಾಲು ಚಾಚಿ ಕೂತಿದ್ದ ಮುದ್ದಯ್ಯನವರು 'ಕಟ್ಟೆಮಾತು' ಎಂಬ ವಾರಪತ್ರಿಕೆಯ ಸಂಪಾದಕರು, ವರದಿಗಾರರು ಮತ್ತು ಮಾಲೀಕರು. ಹೆಬ್ಬೆರಳು ಜೋಮು ಹಿಡಿದು ಕಪ್ಪಗಾಗಿದ್ದನ್ನು ಕಾಲುಚೀಲದೊಳಗೆ ಮುಚ್ಚಿಟ್ಟುಕೊಂಡಿದ್ದರು. ಅದು ಹೆಂಡತಿ ಯಶೋದಮ್ಮನ ಕಣ್ಣಿಗೆ ಬಿದ್ದು, ಆಕೆಯೇ ಹೊರಡಿಸಿಕೊಂಡು ಬಂದಿದ್ದರು. ಡಾಕ್ಟರು ಓದಲೆಂದು ಮುದ್ದಯ್ಯ ತಂದಿದ್ದ ಹೊಸ ಸಂಚಿಕೆ ಮೇಜಿನ ಮೇಲಿತ್ತು. ಡಾಕ್ಟರು ಅದರ ಮೇಲೆ ಮೊಣಕೈಯೂರಿ ಮಾತಾಡಿದ್ದೇ ತಪ್ಪಾಯಿತು.

"ಮೇಲುಗಡೆ ಚೆನ್ನಾಗಿದೆ. ಕೆಳಗಡೆಗೆ ಸರಿಯಾಗಿ ಹೋಗ್ತಿಲ್ಲ."

"ಕೆಳ್ಗಡೆ ಅಂದ್ರೆ ಪಾಂಡವಪುರದ ಕಡೆಯಾ? ಬಸ್ಸಿಗೆ ಆಕಿ ಶ್ರೀರಂಗಪಟ್ಟಣದ ಗಂಟ ಕಳುಸ್ತೀನಲ್ಲ."

"ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ."

"ನಂಗೂ ಅನ್ಮಾನ ಇತ್ತು. ಆ ಕಂಡಕ್ಟ್ರು ಬಂಡ್ಲ ಇಳಿಸ್ದೆ ಸೀಟಿನ್ ಕೆಳ್ಗೇ ಮಡಿಕತಾನೆ."

ಡಾಕ್ಟರು ತಾಳ್ಮೆಯವರು. ಬೀಡಿ ಸೇದುತ್ತೀರಾ ಎಂದು ಕೇಳಿದರು. ಪತ್ರಿಕೆ ನಡೆಸುವವನು ಬೀಡಿಯಿಲ್ಲದೆ ಒಂದು ಸಾಲೂ ಬರೆಯಲಾರ ಎಂದು ಮುದ್ದಯ್ಯ ವಿವರಿಸಿದರು.

"ಇವತ್ತೇ ನಿಲ್ಲಿಸಿ. ಇಲ್ಲದಿದ್ದರೆ ತೆಗೆಯಬೇಕಾಗುತ್ತೆ."

"ಏನ್ನ, ನಾಕ್ನೇ ಪುಟನಾ?"

"ಹೆಬ್ಬೆರಳನ್ನ."

ಮುದ್ದಯ್ಯ ಚಾಚಿದ್ದ ಕಾಲನ್ನು ಹಿಂದಕ್ಕೆಳೆದುಕೊಂಡರು. ಯಶೋದಮ್ಮ ಸೆರಗು ಸರಿಮಾಡಿಕೊಂಡರು.

"ಅವ್ರು ಏಳ್ತಿರದು ರಕ್ತದ ಇಸ್ಯ ಕಣ್ರೀ. ಪೇಪರ್ದು ಇಡೀ ತಾಲ್ಲೂಕಿಗೇ ಗೊತ್ತು."

ಬೆರಳು ಹೋಗುತ್ತದೆಂಬ ಭಯ ಮುದ್ದಯ್ಯನನ್ನು ಸರಿದಾರಿಗೆ ತಂದಿತು. ಬೀಡಿ ಬಿಟ್ಟರು, ಮಾತ್ರೆ ನುಂಗಿದರು. ದಿನಾ ನಡೆಯಬೇಕೆಂದೂ ಡಾಕ್ಟರು ಹೇಳಿದ್ದರು. ಬರಿಗೈಯಲ್ಲಿ ಕಳಿಸಿದರೆ ಈ ಮನುಷ್ಯ ಮೊದಲನೇ ಹೋಟೆಲಿನಲ್ಲೇ ಕೂತುಬಿಡುತ್ತಾರೆಂದು ಯಶೋದಮ್ಮನಿಗೆ ಗೊತ್ತು. ಪತ್ರಿಕೆಯ ಕಟ್ಟನ್ನು ಕಂಕುಳಿಗೆ ಕೊಟ್ಟು, ಕಂಡಕ್ಟರನ್ನು ನಂಬುವುದು ಬೇಡ, ಮನೆಮನೆಗೆ ನೀವೇ ಹಂಚಿಕೊಂಡು ಬನ್ನಿ ಎಂದರು. ಮುದ್ದಯ್ಯ ಕೆ.ಆರ್. ಪೇಟೆ ಕಡೆಯ ಹಳ್ಳಿಗಳನ್ನೆಲ್ಲ ತುಳಿದರು. ಹೋದಲ್ಲೆಲ್ಲ ಜನ ಕೂರಿಸಿ ಮಾತಾಡಿಸಿದರು. ಬರಬರುತ್ತ ಬೆರಳಿಗೆ ಬಣ್ಣ ಬಂತು. ಡಾಕ್ಟರು ಮುಟ್ಟಿ ನೋಡಿ, ಸರ್ಕ್ಯುಲೇಷನ್ ಈಗ ಬಹಳ ಚೆನ್ನಾಗಿದೆ ಎಂದರು.

ಅದೇ ವಾರ ಸಿಂಧಘಟ್ಟದ ಕುಳ್ಳಯ್ಯ ಜಗಲಿಯ ಮೇಲೆ ಪತ್ರಿಕೆಯನ್ನು ಮಡಿಸಿ, ಮರ್ಯಾದೆಯಿಂದ ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ.

"ಇನ್ಮ್ಯಾಕೆ ಪೇಪರ್ ಬ್ಯಾಡ ಮುದ್ದಯ್ನೋರೆ."

ಬರವಣಿಗೆಯಲ್ಲಿ ಏನಾದರೂ ತಪ್ಪಾಯಿತೇ ಎಂದು ಮುದ್ದಯ್ಯ ಕೇಳಿದರು.

"ತಪ್ಪೇನಿಲ್ಲ. ನೀವು ಬಂದು ಕೂತ್ಕಂಡು ಎಲ್ಲಾನೂ ಬಾಯಲ್ಲೇ ಏಳ್ಬುಡ್ತೀರಿ. ಆಮ್ಯಾಕೆ ಓದುದ್ರೆ ಅಳೇದು ಅನ್ಸ್ತದೆ. ನಮ್ ಬೀದಿಯೋರೆಲ್ಲ ಅಂಗೇ ಅಂತಾವ್ರೆ."

ಮುದ್ದಯ್ಯ ಎದ್ದು ಹೊರಡಬೇಕೆಂದುಕೊಂಡರು. ಅಷ್ಟರಲ್ಲಿ ಒಳಗಿನಿಂದ ಮಜ್ಜಿಗೆ ಬಂತು. ಕುಳ್ಳಯ್ಯ ಹತ್ತಿರಕ್ಕೆ ಸರಿದು ಕೂತ.

"ಅದಿರ್ಲಿ, ಪಾಂಡವಪುರದ ಆಲೆಮನೆ ಗಲಾಟೆ ಏನಾಯ್ತು?"

ಅದು ಮುಂದಿನ ವಾರದ ಮುಖಪುಟಕ್ಕೆಂದು ಇಟ್ಟುಕೊಂಡಿದ್ದ ಸುದ್ದಿ. ಮುದ್ದಯ್ಯ ಲೋಟ ಕೆಳಗಿಟ್ಟು, ಮೊದಲಿನಿಂದ ಹೇಳತೊಡಗಿದರು.