ಧ್ವಜಕಟ್ಟೆ ಹತ್ತಿದ ಕಂಪ್ಯೂಟರು

ಎಲ್ಲದಕ್ಕೂ ಮೂಲ ಕೇರಂ ಬೋರ್ಡು. ಬುಧವಾರ ಸಂಜೆ ಡ್ರಿಲ್ ಮೇಷ್ಟ್ರು ಮಾದಸ್ವಾಮಿ ಅದನ್ನು ಗೋಡೆಗೆ ಒರಗಿಸಲು ಹೋಗಿ ಆಫೀಸು ರೂಮಿನ ಕಂಪ್ಯೂಟರ್ ಮೇಜನ್ನು ಒಂದು ಗೇಣು ಈಚೆಗೆ ಎಳೆದ. ಎಳೆದ ರಭಸಕ್ಕೆ ಹಿಂದುಗಡೆ ನೆಟ್ಟಿನ ವೈರು ತನ್ನ ತೂತಿನಿಂದ ಒಂದು ಉಗುರಿನಷ್ಟು ಹೊರಗೆ ಬಂತು. ಪೂರಾ ಬಿದ್ದುಹೋಗಿದ್ದರೆ ಯಾರಾದರೂ ನೋಡುತ್ತಿದ್ದರು. ಬೀಳಲಿಲ್ಲ, ಹಾಗೇ ಜೋತುಕೊಂಡಿತು. ಈ ಸಂಗತಿ ನಿಮಗೂ ನನಗೂ ಗೊತ್ತು. ಈಚಲದೊಡ್ಡಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಗುರುವಾರ ಬೆಳಿಗ್ಗೆ ಕನ್ನಡ ಮೇಷ್ಟ್ರು ಪ್ರಭುಸ್ವಾಮಿ ಕಂಪ್ಯೂಟರ್ ಹಾಕಿದಾಗ, ಪರದೆಯ ಬಲಮೂಲೆಯಲ್ಲಿ ನೆಟ್ ಇದೆಯೋ ಇಲ್ಲವೋ ತೋರಿಸುವ ರಾಗಿಕಾಳಿನಷ್ಟು ಚಿತ್ರದ ಮೇಲೆ ಒಂದು ಅಡ್ಡಗೆರೆ ಬಿದ್ದಿತ್ತು. ‘ಸಂಪರ್ಕವಿಲ್ಲ’ ಎಂದು ಒಂದು ಚೀಟಿ ಮೂಡಿ ಮಾಯವಾಯಿತು. ಪ್ರಭುಸ್ವಾಮಿಯ ಎದೆ ಧಸಕ್ಕೆಂದಿತು.

ಎನ್ನದೆ ಇನ್ನೇನು! ವರ್ಗಾವಣೆ ಅರ್ಜಿಗೆ ಅದೇ ದಿನ ಸಂಜೆ ನಾಲ್ಕು ಗಂಟೆ ಕಡೇ ಗಡುವು. ಒಂಬತ್ತು ವರ್ಷದಿಂದ ಅವನು ಯಳಂದೂರಿನ ಮನೆಯಿಂದ ಐದೂವರೆಗೇ ಹೊರಟು, ಕೊಳ್ಳೇಗಾಲದಲ್ಲಿ ಒಂದು ಬಸ್ಸು ಬದಲಾಯಿಸಿ, ಹನೂರಿನಲ್ಲಿ ಇನ್ನೊಂದು ಬದಲಾಯಿಸಿ, ಈಚಲದೊಡ್ಡಿ ಗೇಟಿನಲ್ಲಿ ಇಳಿದು ಎರಡು ಮೈಲಿ ನಡೆದು ಶಾಲೆ ಸೇರುತ್ತಿದ್ದ. ಮಗಳು ಅಪ್ಪನ ಮುಖವನ್ನು ಹಗಲು ಬೆಳಕಿನಲ್ಲಿ ನೋಡುವುದು ಭಾನುವಾರ ಮಾತ್ರ. ಈಗ ಯಳಂದೂರಿನಲ್ಲೇ ಕನ್ನಡದ ಹುದ್ದೆಯೊಂದು ಖಾಲಿಯಾಗಿತ್ತು. ಆ ಶಾಲೆಯಲ್ಲಿ ಗಂಟೆ ಹೊಡೆದರೆ ಇವನ ಅಡುಗೆಮನೆಗೆ ಕೇಳಿಸುತ್ತದೆ. ಸೇವೆಯ ಹಿರಿತನದಲ್ಲಿ ಇವನೇ ಮೊದಲು, ಅರ್ಜಿ ತುಂಬಿಯೂ ಆಗಿತ್ತು. ಹೆಡ್‌ಮಾಸ್ಟರು ಶಾಲೆಯ ಲಾಗಿನ್ನಿನೊಳಗೆ ಹೋಗಿ ‘ಅನುಮೋದಿಸಿ’ ಎಂಬುದನ್ನು ಒಂದು ಸಲ ಒತ್ತಬೇಕು, ಅಷ್ಟೇ ಬಾಕಿ.

ಅದನ್ನು ಅವರು ಹತ್ತು ದಿನದ ಹಿಂದೆಯೇ ಒತ್ತಬಹುದಿತ್ತು. ಆದರೆ ಹೆಡ್‌ಮಾಸ್ಟರು ಮಹದೇವಪ್ರಸಾದ್ ಪಂಚಾಂಗ ನೋಡದೆ ಹೊಸ ಸೀಮೆಸುಣ್ಣದ ಡಬ್ಬಿಯನ್ನೂ ಒಡೆಯುವವರಲ್ಲ. ಮೊದಲು ಅಮಾವಾಸ್ಯೆ ಅಡ್ಡ ಬಂತು, ಆಮೇಲೆ ಮಂಗಳವಾರ, ಆಮೇಲೆ ಅವರ ಮನಸ್ಸಿಗೆ ಬಾರದ ಒಂದು ನಕ್ಷತ್ರ. “ಒಳ್ಳೇದಕ್ಕೆ ಓಯ್ತಿದ್ದೀರ ಕಣ್ರೀ, ಒಳ್ಳೇ ದಿನ್ವೇ ಒತ್ತುಮ. ಗುರುವಾರ ಬಾಳ ಚೆಂದಾಗದೆ,” ಎಂದಿದ್ದರು.

ಚೆಂದಾಗಿದ್ದ ಗುರುವಾರ ಬಂದು ಮುಂದೆ ನಿಂತಿತ್ತು.

“ಸಾ, ನನ್ ಫೋನಲ್ಲೇ ತಗುದು ಒತ್ತುಬುಡಿ ಸಾ,” ಎಂದ ಪ್ರಭುಸ್ವಾಮಿ, ಅಳು ಒಂದೇ ಬಾಕಿ ಎಂಬ ದನಿಯಲ್ಲಿ.

“ಒತ್ತಬೋದಾಗಿತ್ತು. ಪಾಸ್‌ವರ್ಡ್ ಏನು ಏಳಿ ನೋಡಮ?”

ಪಾಸ್‌ವರ್ಡು ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ಹೆಡ್‌ಮಾಸ್ಟರು ಯಾವತ್ತೋ ಹಾಕಿ ಹೋದದ್ದು. ಕಂಪ್ಯೂಟರು ಅದನ್ನು ನೆನಪಿಟ್ಟುಕೊಂಡು ಪುಟ ತೆರೆದ ಕೂಡಲೆ ತಾನೇ ಎಂಟು ಚುಕ್ಕಿ ಇಡುತ್ತಿತ್ತು. ಮರೆತಿದ್ದೇವೆ ಎಂದರೆ ಹೊಸದು ಬರುವುದು ಅವರ ಹಳೇ ಮೊಬೈಲ್ ನಂಬರಿಗೆ. ಅವರು ನಿವೃತ್ತರಾದ ಮೇಲೆ ಆ ನಂಬರನ್ನೂ ಬಿಟ್ಟರು, ಊರನ್ನೂ ಬಿಟ್ಟರು. ಹಾಗಾಗಿ ಪ್ರಭುಸ್ವಾಮಿಯ ಯಳಂದೂರು ಆ ಒಂದು ಪೆಟ್ಟಿಗೆಯೊಳಗೆ, ಎಂಟು ಚುಕ್ಕಿಯ ಹಿಂದೆ ಇತ್ತು.

ಪೆಟ್ಟಿಗೆಯೂ ಎಲ್ಲರ ಮನೆಯ ಪೆಟ್ಟಿಗೆಯಂಥದಲ್ಲ. ಇಲಾಖೆ ಅದಕ್ಕೆ ಲಿನಕ್ಸ್ ಎಂಬ ಬೇರೆಯೇ ಜಾತಿಯ ಸಾಫ್ಟ್‌ವೇರ್ ಹಾಕಿ ಕಳಿಸಿತ್ತು. ಕೊಳ್ಳೇಗಾಲದ ಅಂಗಡಿಯವರು ಆ ಹೆಸರು ಕೇಳಿದರೇ ಕೈ ಮುಗಿದು ಕಳಿಸುತ್ತಿದ್ದರು. ಶಾಲೆಯಲ್ಲಿ ಅದರ ಬಗ್ಗೆ ಹತ್ತು ದಿನ ತರಬೇತಿ ಪಡೆದವನು ಪ್ರಭುಸ್ವಾಮಿ ಒಬ್ಬನೇ. ಆ ಹತ್ತು ದಿನದಲ್ಲಿ ಅವನು ಕಲಿತದ್ದು ಪರದೆಯ ಮೇಲೆ ಹಂಚಿನ ಮನೆಯೊಂದನ್ನು ಬರೆದು ಅದಕ್ಕೆ ಬಣ್ಣ ತುಂಬುವುದು.

“ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾ,” ಎಂದ ಮಾದಸ್ವಾಮಿ. ಅವನಿಗೆ ಮನುಷ್ಯರ ಸುಸ್ತಿಗೂ ಯಂತ್ರದ ಸುಸ್ತಿಗೂ ಒಂದೇ ಔಷಧಿ. ಮಾಡಿದರು. ಹನ್ನೆರಡು ನಿಮಿಷ ಗುರುಗುಟ್ಟಿ ಎದ್ದ ಕಂಪ್ಯೂಟರು ಅದೇ ಅಡ್ಡಗೆರೆ ತೋರಿಸಿತು. ಬಿಸಿಯೂಟದ ಚನ್ನಮಲ್ಲಮ್ಮ ಬಾಗಿಲಲ್ಲಿ ನಿಂತು ನೋಡಿ, “ದಿಷ್ಟಿ ಆಗದೆ ಮೇಷ್ಟ್ರೆ,” ಎಂದು ಒಂದು ಹಿಡಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಇಡೀ ಶಾಲೆ ಕೆಮ್ಮಿತು. ಅಡ್ಡಗೆರೆ ಅಳುಕಲಿಲ್ಲ.

ಉಳಿದದ್ದು ಫೋನಿನಲ್ಲಿ ಹುಡುಕಿ ನೋಡುವುದು. ಈಚಲದೊಡ್ಡಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಕಡೆ, ಶಾಲೆಯ ಮುಂದಿನ ಧ್ವಜಕಟ್ಟೆಯ ಮೇಲೆ. ಮಾದಸ್ವಾಮಿ ಫೋನು ಹಿಡಿದು ಕಟ್ಟೆ ಹತ್ತಿದ. ಲಿನಕ್ಸಿನಲ್ಲಿ ನೆಟ್ಟನ್ನು ನೋಡಿಕೊಳ್ಳಲು ‘ನೆಟ್‌ವರ್ಕ್ ಮ್ಯಾನೇಜರ್’ ಎಂಬ ಒಂದು ಸಾಫ್ಟ್‌ವೇರ್ ಇರುತ್ತದೆಂದೂ, ಅದು ಕೆಟ್ಟಿದ್ದರೆ ಕಿತ್ತುಹಾಕಿ ಹೊಸದು ಹಾಕಬೇಕೆಂದೂ ಯಾರೋ ಪುಣ್ಯಾತ್ಮ ಬರೆದಿದ್ದ. ಎರಡೇ ಸಾಲಿನ ಆಜ್ಞೆ. ಒಂದು ಕೀಳುವುದಕ್ಕೆ, ಇನ್ನೊಂದು ಹಾಕುವುದಕ್ಕೆ.

ಕಟ್ಟೆಯಿಂದ ಆಫೀಸು ರೂಮಿಗೆ ಕೂಗಿದರೆ ಕೇಳಿಸುವುದಿಲ್ಲ. ನಡುವೆ ಒಂಬತ್ತನೇ ತರಗತಿ ಇತ್ತು. ಮಾದಸ್ವಾಮಿ ಒಂದೊಂದೇ ಇಂಗ್ಲಿಷ್ ಅಕ್ಷರ ಕೂಗಿದ. ನಲವತ್ತು ಮಕ್ಕಳು ಮಗ್ಗಿ ಹೇಳುವ ರಾಗದಲ್ಲಿ ಅದನ್ನೇ ಒದರಿದವು. ಪ್ರಭುಸ್ವಾಮಿ ಒಳಗೆ ಕುಟ್ಟಿದ. ಕಂಪ್ಯೂಟರು ತನ್ನ ಗುಪ್ತಪದ ಕೇಳಿತು. ಅದೊಂದು ಅವನಿಗೆ ಗೊತ್ತಿತ್ತು, ತರಬೇತಿಯ ಪುಸ್ತಕದಲ್ಲಿ ಬರೆದುಕೊಂಡಿದ್ದ. ಆದರೆ ಎಷ್ಟು ಕುಟ್ಟಿದರೂ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ.

“ಕೀಬೋರ್ಡೂ ಓಯ್ತು,” ಎಂದರು ಹೆಡ್‌ಮಾಸ್ಟರು, ತಮ್ಮ ಕೊಠಡಿಯಿಂದಲೇ.

ಹೋಗಿರಲಿಲ್ಲ. ಲಿನಕ್ಸು ಗುಪ್ತಪದವನ್ನು ಅಷ್ಟು ಗುಟ್ಟಾಗಿ ಇಡುತ್ತದೆ. ಪ್ರಭುಸ್ವಾಮಿ ಸಿಟ್ಟಿನಿಂದ ಎಂಟರ್ ಗುದ್ದಿದ ಮೇಲೆ ಸಾಲುಸಾಲಾಗಿ ಅಕ್ಷರಗಳು ಹರಿದವು. ಬೆಳಗಿನಿಂದ ಮೊಂಡು ಹಿಡಿದಿದ್ದ ಯಂತ್ರ ಕೀಳು ಎಂದ ಕೂಡಲೆ ಅದೆಷ್ಟು ಉತ್ಸಾಹದಿಂದ ಕಿತ್ತಿತು ಅಂತೀರಿ! ಮ್ಯಾನೇಜರ್ ನಿರ್ನಾಮ. ಮೂಲೆಯ ಚಿತ್ರವೂ ಇಲ್ಲ, ಅಡ್ಡಗೆರೆಯೂ ಇಲ್ಲ.

ಹೊಸದು ಹಾಕುವ ಎರಡನೇ ಸಾಲು ಕುಟ್ಟಿದ. ಕಂಪ್ಯೂಟರು ನೆಟ್ಟಿನಿಂದ ಅದನ್ನು ಇಳಿಸಿಕೊಳ್ಳಬೇಕು, ನೆಟ್ ಇಲ್ಲವಲ್ಲ ಎಂದಿತು.

ಪ್ರಭುಸ್ವಾಮಿ ಕುರ್ಚಿಯಲ್ಲಿ ಕುಸಿದ. ನೆಟ್ ಬರಬೇಕಾದರೆ ಮ್ಯಾನೇಜರ್ ಬೇಕು, ಮ್ಯಾನೇಜರ್ ಬರಬೇಕಾದರೆ ನೆಟ್ ಬೇಕು. ಏಣಿಯನ್ನು ಅಟ್ಟದ ಮೇಲಿಟ್ಟು ಅದನ್ನು ಇಳಿಸಲು ಏಣಿ ಹುಡುಕಿದ ಹಾಗಾಯಿತು. ಅವನಿಗೆ ತನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ತಲೆಯನ್ನು ಮೇಜಿಗೆ ಚಚ್ಚಿಕೊಳ್ಳೋಣವೆನ್ನಿಸಿತು. ಮೇಜು ಇಲಾಖೆಯದು ಎಂದು ಸುಮ್ಮನಾದ.

ಹನ್ನೆರಡೂವರೆಗೆ ಅವನೇ ಕಟ್ಟೆ ಹತ್ತಿ, ಕೊಳ್ಳೇಗಾಲದಲ್ಲಿದ್ದ ತರಬೇತಿಯ ಆಶಾರಾಣಿ ಮೇಡಂಗೆ ಫೋನು ಮಾಡಿದ. ಸಿಗ್ನಲ್ ಕಡಿಮೆ ಇದ್ದುದರಿಂದ ಸ್ಪೀಕರ್ ಹಾಕಿದ್ದ. ಹೆಡ್‌ಮಾಸ್ಟರೂ ಕಟ್ಟೆಯ ಕೆಳಗೆ ಬಂದು ನಿಂತಿದ್ದರು.

“ಗಾಬರಿ ಬೀಳಬೇಡಿ ಸರ್. ಮ್ಯಾನೇಜರ್ ಇದ್ರೇನೇ ಕೆಲಸ ಆಗೋದು ಅನ್ನೋದೆಲ್ಲ ಸುಳ್ಳು,” ಎಂದರು ಮೇಡಂ. “ಅದು ಸ್ವತಃ ಏನೂ ಮಾಡಲ್ಲ, ಮಾಡೋರ ಮೇಲೆ ಕೂತ್ಕೊಂಡು ಹೇಳ್ತಾ ಇರುತ್ತೆ ಅಷ್ಟೆ. ಫೋನಿಗೆ ಕೇಬಲ್ ಚುಚ್ಚಿ ಫೋನಿನ ನೆಟ್ಟನ್ನೇ ಕೊಡಿ. ನಾನು ಒಂದು ಸಾಲು ಕಳಿಸ್ತೀನಿ, ಹೊಡೀರಿ. ಮ್ಯಾನೇಜರ್ ಇಲ್ಲದೇನೇ ಸಲೀಸಾಗಿ ನಡೆಯುತ್ತೆ.”

ಹೆಡ್‌ಮಾಸ್ಟರ ಮುಖ ಕಪ್ಪಿಟ್ಟಿತು. “ಯಾರ್ರೀ ಆಯಮ್ಮ?” ಎಂದು ಕೇಳಿ ಒಳಗೆ ಹೋದರು. ಅವರನ್ನು ಸಮಾಧಾನ ಮಾಡಿ ಕರೆತರಲು ಒಂದು ಲೋಟ ಟೀ, ಕಾಲು ಗಂಟೆ ಹಿಡಿಯಿತು.

ಫೋನಿನ ನೆಟ್ ಕೊಡಬಹುದು, ಸರಿ. ಆದರೆ ಫೋನಿಗೆ ನೆಟ್ ಇರುವುದು ಕಟ್ಟೆಯ ಮೇಲೆ, ಕಂಪ್ಯೂಟರು ಇರುವುದು ರೂಮಿನೊಳಗೆ.

“ಅದೇನ್ ಬೆಟ್ಟವಾ ಸಾ, ಎತ್ಕಂಡೋಗಮ,” ಎಂದ ಮಾದಸ್ವಾಮಿ. ಎಳೆದು ಎತ್ತಿದಾಗ ನೆಟ್ಟಿನ ವೈರು ತಾನಾಗಿ ಕೆಳಗೆ ಬಿತ್ತು. “ನೋಡಿ ಸಾ, ಎಷ್ಟ್ ಸಲೀಸಾಗ್ ಬಂತು!” ಎಂದು ಅವನೇ ಅದನ್ನು ಕಾಲಿನಿಂದ ಮೂಲೆಗೆ ತಳ್ಳಿದ.

ಮೆರವಣಿಗೆ ಹೊರಟಿತು. ಮುಂದೆ ಪೆಟ್ಟಿಗೆ ಹೊತ್ತ ಮಾದಸ್ವಾಮಿ, ಅವನ ಹಿಂದೆ ಪರದೆಯನ್ನು ಎದೆಗವಚಿಕೊಂಡ ಪ್ರಭುಸ್ವಾಮಿ, ಕೀಬೋರ್ಡನ್ನು ತಟ್ಟೆಯಂತೆ ಹಿಡಿದ ಹೆಡ್‌ಮಾಸ್ಟರು, ಕೊನೆಗೆ ಅಡುಗೆಮನೆಯ ಉದ್ದನೆ ವೈರು ಬಿಚ್ಚುತ್ತಾ ಚನ್ನಮಲ್ಲಮ್ಮ. ಕಟ್ಟೆಯ ಮೇಲೆ ಮೇಜಿಟ್ಟು ಕಂಪ್ಯೂಟರು ಸ್ಥಾಪಿಸಿ, ಬಿಸಿಲಿಗೆ ಛತ್ರಿ ಕಟ್ಟಿದರು. ಎಲ್ಲ ಜೋಡಿಸಿ ಪ್ರಭುಸ್ವಾಮಿ ಬೆವರು ಒರೆಸಿಕೊಳ್ಳುವಾಗ ಹೆಡ್‌ಮಾಸ್ಟರು ಗಡಿಯಾರ ನೋಡಿದರು.

“ಒಂದೂ ಮೂವತ್ತೆರಡು. ರಾವುಕಾಲ ಬಂದ್ಬುಡ್ತಲ್ರೀ! ಇನ್ನು ಮೂರ್ ಗಂಟೆವರ್ಗೂ ಮುಟ್ಟಂಗಿಲ್ಲ.”

“ಸಾ, ನಿಮ್ ದಮ್ಮಯ್ಯ ಸಾ...”

“ನಿಮ್ ಒಳ್ಳೇದಕ್ಕೇ ಕಣಪ್ಪ ನಾ ಏಳ್ತಿರಾದು.”

ಒಂಬತ್ತು ವರ್ಷ ಕಾದವನು ಒಂದೂವರೆ ಗಂಟೆ ಕಾಯಲಾರನೇ! ಕಾಯುತ್ತಿದ್ದ, ಊರಿನವರು ಬಿಟ್ಟಿದ್ದರೆ. ಈ ಕಡೆಯ ಊರುಗಳಲ್ಲಿ ಬಯಲಲ್ಲಿ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಪಕ್ಕದಲ್ಲಿ ಪ್ಯಾಂಟು ಹಾಕಿದವರು ಇದ್ದರೆಂದರೆ ಅದಕ್ಕೆ ಒಂದೇ ಅರ್ಥ, ಕಾರ್ಡು ತಿದ್ದುವವರು ಬಂದಿದ್ದಾರೆ. ಎರಡು ಗಂಟೆಗೆ ಇಪ್ಪತ್ತು ಜನ ಸೇರಿದರು, ಎರಡೂವರೆಗೆ ಎಂಬತ್ತು. ಶಾಲೆಯ ಸಮಿತಿಯ ಅಧ್ಯಕ್ಷ ಮುತ್ತಯ್ಯನೇ ಚೀಟಿ ಹರಿದು ನಂಬರು ಕೊಡತೊಡಗಿದ. ಒಂದನೇ ನಂಬರು ಅವನದೇ.

“ಮೇಷ್ಟ್ರೆ, ನಮ್ಮವ್ವನ ಕಾರ್ಡಲ್ಲಿ ಅವಳು ನನ್ಗಿಂತ ಎರಡ್ ವರ್ಸ ಚಿಕ್ಕೋಳು ಅಂತ ಬಂದ್ಬುಟ್ಟದೆ. ವಸಿ ದೊಡ್ಡೋಳ್ ಮಾಡ್ಕೊಡಿ.”

“ಮುತ್ತಯ್ಯನೋರೆ, ಇದು ಕಾರ್ಡಿಂದಲ್ಲ. ನನ್ ಟ್ರಾನ್ಸ್‌ಫರ್ರಿಂದು.”

“ಓ, ನಿಮ್ ಮನೆ ಕೆಲ್ಸಕ್ಕೆ ಸರ್ಕಾರಿ ಕಂಪೂಟ್ರಾ?” ಎಂದ ಮುತ್ತಯ್ಯ. ಹಿಂದಿನವರೂ ಅದನ್ನೇ ಇನ್ನಷ್ಟು ಜೋರಾಗಿ ಕೇಳಿದರು. ಒಬ್ಬ ಅಜ್ಜಿ ಮೇಜು ಹತ್ತಿ ಪರದೆಗೇ ಹೆಬ್ಬೆಟ್ಟು ಒತ್ತಿದಳು. ಮಾದಸ್ವಾಮಿ ಪೀಪಿ ಊದಿ ಎಂಬತ್ತು ಜನರನ್ನೂ ‘ಕೈ ಮುಂದಕ್ಕೆ’ ಮಾಡಿಸಿ, ಸಾಲು ಮಾಡಿ, ಮೈದಾನದ ಆಚೆ ತುದಿಗೆ ನಡೆಸಿಕೊಂಡು ಹೋಗಿ ಕೂರಿಸುವ ಹೊತ್ತಿಗೆ ಮೂರೂ ಇಪ್ಪತ್ತೈದು.

ಪ್ರಭುಸ್ವಾಮಿ ಮೇಡಂ ಕಳಿಸಿದ ಸಾಲು ಕುಟ್ಟಿದ. ಒಂದು ಅಕ್ಷರ ತಪ್ಪಿತು. ಮತ್ತೆ ಕುಟ್ಟಿದ. ಪರದೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಇಲಾಖೆಯ ಪುಟವನ್ನು ಬಿಚ್ಚಿತು. ಎಂಟು ಚುಕ್ಕಿಗಳು ತಾವಾಗಿ ಬಂದು ಕೂತವು.

“ಬಂತು ಸಾ! ಬಂತು!” ಎಂದು ಮಾದಸ್ವಾಮಿ ಕುಣಿದ.

ಹೆಡ್‌ಮಾಸ್ಟರು ಪೂರ್ವಕ್ಕೆ ತಿರುಗಿ, ಮನೆದೇವರು ಮಾದಪ್ಪನನ್ನು ನೆನೆದು, ಬೆರಳನ್ನು ಮೇಲಿನಿಂದ ಇಳಿಸಿ ಒತ್ತಿದರು. ‘ಅರ್ಜಿ ಅನುಮೋದನೆಯಾಗಿದೆ’ ಎಂದು ಹಸಿರು ಅಕ್ಷರ ಮೂಡಿತು. ಮೂರೂ ನಲವತ್ತೊಂದು.

ಪ್ರಭುಸ್ವಾಮಿ ಬೆಳಗಿನಿಂದ ಗಂಟಲಿಗೆ ನೀರು ಬಿಟ್ಟಿರಲಿಲ್ಲ. ಅಡುಗೆಮನೆಗೆ ಹೋಗಿ ಎರಡು ಚೊಂಬು ನೀರು ಕುಡಿದ. ಚನ್ನಮಲ್ಲಮ್ಮ ಅಂಗೈಗೆ ಒಂದು ಉಂಡೆ ಬೆಲ್ಲವಿಟ್ಟು, “ಓಗಿ ಮೇಷ್ಟ್ರೆ, ಮಗೀನ್ ಜೊತೆ ಸುಖ್ವಾಗಿರಿ,” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವನಿಗೂ ದುಃಖ ಉಕ್ಕಿತು. ಈ ಶಾಲೆ, ಈ ಜನ, ಆ ಎರಡು ಮೈಲಿಯ ದಾರಿ ಎಲ್ಲದರ ಮೇಲೂ ಪ್ರೀತಿ ಬಂತು. ಬಿಟ್ಟು ಹೋಗುವ ಊರಿನ ಮೇಲೆ ಬರುವಂಥ ಪ್ರೀತಿ ಅದು.

ಮರಳಿ ಬಂದಾಗ ಹೆಡ್‌ಮಾಸ್ಟರು ಕಟ್ಟೆಯ ಮೇಲೆ ಮದುಮಗನ ತಂದೆಯಂತೆ ನಿಂತಿದ್ದರು.

“ಬನ್ನಿ ಬನ್ನಿ. ನಿಮ್ ಅರ್ಜಿ ಆದೇಟ್ಗೆ ಇನ್ನೊಂದು ಕಾಲಂ ತಗೀತು ಕಣ್ರೀ. ಶಾಲೆಯ ತಾಂತ್ರಿಕ ಮಾರ್ಗದರ್ಶಕ ಶಿಕ್ಷಕ ಯಾರು, ಇವತ್ತೇ ಕೊಡಿ ಅಂತು. ನಾನು ಯೋಚ್ನೇನೇ ಮಾಡ್ನಿಲ್ಲ. ಮ್ಯಾನೇಜರೇ ಇಲ್ದೆ ನೆಟ್ ತಂದ ಪುಣ್ಯಾತ್ಮ ಇರುವಾಗ ಇನ್ಯಾರ್ ಎಸ್ರು ಆಕ್ಲಿ? ಓಗೋ ಮುಂಚೆ ನಮ್ ಕಡೆಯಿಂದ ಒಂದು ಗೌರವ ಇರ್ಲಿ ಅಂತ ನಿಮ್ದೇ ಆಕಿ ಒತ್ಬುಟ್ಟೆ.”

ಅವರ ಕಣ್ಣಲ್ಲಿ ನೀರಿತ್ತು. ನಿಜವಾದ ನೀರು. ಪ್ರಭುಸ್ವಾಮಿ ಕೈ ಮುಗಿದು, ಹಾಗೇ ಪರದೆಯ ಕಡೆ ಬಗ್ಗಿ ನೋಡಿದ. ಹಸಿರು ಅಕ್ಷರ ಇದ್ದ ಜಾಗದಲ್ಲಿ ಕೆಂಪು ಅಕ್ಷರ ಇತ್ತು: ‘ಅರ್ಜಿ ತಿರಸ್ಕೃತ. ತಾಂತ್ರಿಕ ಮಾರ್ಗದರ್ಶಕ ಶಿಕ್ಷಕರಿಗೆ ನೇಮಕದ ದಿನದಿಂದ ಐದು ವರ್ಷ ವರ್ಗಾವಣೆ ಇರುವುದಿಲ್ಲ.’

“ತಗೀರಿ ಸಾ! ನನ್ನೆಸ್ರು ತಗೀರಿ!”

ಹೆಡ್‌ಮಾಸ್ಟರು ಗಾಬರಿಯಲ್ಲಿ ಕಂಡಕಂಡದ್ದನ್ನೆಲ್ಲ ಒತ್ತಿದರು. ಹೆಸರು ಹಿಂಪಡೆಯುವ ಜಾಗ ಪುಟದ ಅಡಿಯಲ್ಲಿ ಎಲ್ಲೋ ಸಿಕ್ಕಿತು ಕೂಡ. ಅದನ್ನು ಒತ್ತಬೇಕು ಎನ್ನುವಷ್ಟರಲ್ಲಿ ಕೇಬಲ್ಲಿನ ತುದಿಯಲ್ಲಿದ್ದ ಪ್ರಭುಸ್ವಾಮಿಯ ಫೋನು ರಿಂಗಾಯಿತು. ಕರೆ ಬಂದರೆ ಆ ಫೋನಿನಲ್ಲಿ ನೆಟ್ ನಿಲ್ಲುತ್ತದೆ. ಪರದೆ ಬಿಳಿಚಿಕೊಂಡಿತು, ಗಡಿಯಾರ ನಾಲ್ಕು ತೋರಿಸಿತು. ಕರೆ ಮಾಡಿದವಳು ಹೆಂಡತಿ ಯಶೋದ.

“ಏನ್ರೀ, ನಾಕ್ ಗಂಟೆ ಆಯ್ತು. ಒತ್ತಿದ್ರಾ ನಿಮ್ ಎಡ್‌ಮಾಸ್ಟ್ರು?”

“ಒತ್ತಿದ್ರು ಕಣೆ.”

“ಅಬ್ಬ! ಒಂದ್ಸಲ ಒತ್ತಕೆ ಇಷ್ಟ್ ದಿನ ಬೇಕಾಯ್ತಾ ಆವಯ್ಯಂಗೆ?”

“ಒಂದ್ಸಲ ಅಲ್ಲ ಯಶೋದ,” ಎಂದ ಪ್ರಭುಸ್ವಾಮಿ, ಬಿಳಿಯ ಪರದೆ ನೋಡುತ್ತಾ. “ಎರಡ್ ಸಲ ಒತ್ತಿದ್ರು.”